ನಾದ ಹತ್ತಿದವರು

ನಮ್ಮ ದೊಡ್ಡಪ್ಪನಿಗೆ ಹೋರಿಯ ನಾದ ಇತ್ತು. ಈ ಮಾತನ್ನು ಮೈಸೂರು ಕಡೆಯ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಬೆರಗಾಗಿ, ‘ಹೋರಿ ಅಷ್ಟು ಇಂಪಾಗಿ ಕೂಗುತ್ತಿತ್ತಾ?’ ಎಂದು ಕೇಳಿದ. ಅವನದೇನೂ ತಪ್ಪಿಲ್ಲ. ತುಂಗಭದ್ರೆಯ ಆಚೆ ನಾದ ಕಿವಿಗೆ ಸೇರಿದ್ದು. ಈಚೆ ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಅದು ಕಿವಿಗೂ ಸೇರಿದ್ದು, ತಲೆಗೂ ಹತ್ತುವಂಥದ್ದು.

‘ಅವಗ ಕುಸ್ತಿ ನಾದ ಐತಿ.’ ‘ಇವಗ ಪಾರಿವಾಳದ ನಾದ ಹತ್ತೈತಿ.’ ‘ಇಸ್ಪೀಟಿನ ನಾದಕ್ಕ ಬಿದ್ದು ಹೊಲಾ ಕಳಕೊಂಡ.’ ‘ಹುಡುಗಗ ಓದೂ ನಾದ ಭಾಳ ನೋಡ್ರಿ.’ ನಾಲ್ಕೂ ಮಾತು ಒಂದೇ ಕಟ್ಟೆಯ ಮೇಲೆ ಒಂದೇ ಸಂಜೆ ಕೇಳಿಬರಬಹುದು. ಒಳ್ಳೆಯದು ಕೆಟ್ಟದ್ದು ಎಂಬ ತಕರಾರು ಈ ಶಬ್ದಕ್ಕಿಲ್ಲ. ಚಟ ಎಂದರೆ ಬೈದಂತೆ, ಗೀಳು ಎಂದರೆ ಡಾಕ್ಟರ ಹತ್ತಿರ ಕಳಿಸಿದಂತೆ, ಹುಚ್ಚು ಎಂದರೆ ಕೈಬಿಟ್ಟಂತೆ. ನಾದ ಎಂದಾಗ ಮಾತ್ರ ಬೈಗುಳದ ಒಳಗೇ ಒಂದಿಷ್ಟು ಮೆಚ್ಚುಗೆ ಸೇರಿಕೊಂಡಿರುತ್ತದೆ. ಅದರ ಜೋಡಿ ಬರುವ ಕ್ರಿಯಾಪದಗಳನ್ನು ನೋಡಿ: ಹತ್ತುತ್ತದೆ, ಹಿಡಿಯುತ್ತದೆ, ಬಿಡುತ್ತದೆ. ಜ್ವರಕ್ಕೂ ದೆವ್ವಕ್ಕೂ ನಾವು ಬಳಸುವ ಕ್ರಿಯಾಪದಗಳೇ ಇವು. ಮನುಷ್ಯ ನಾದ ಮಾಡುವುದಿಲ್ಲ, ನಾದವೇ ಅವನನ್ನು ಏನಾದರೂ ಮಾಡುತ್ತದೆ.

ಇದಕ್ಕೆ ಎದುರಾಗಿ ‘ಹವ್ಯಾಸ’ ಇದೆ. ಅದು ಅರ್ಜಿಯ ಫಾರ್ಮಿನ ಶಬ್ದ. ಸಾಲಿಯಲ್ಲಿ ‘ನನ್ನ ಹವ್ಯಾಸ’ ಎಂಬ ಪ್ರಬಂಧ ಬರೆಯಲು ಹೇಳಿದಾಗ ನಾವೆಲ್ಲ ಅಂಚೆಚೀಟಿ ಸಂಗ್ರಹ ಎಂದೇ ಬರೆದೆವು. ಇಡೀ ವರ್ಗದಲ್ಲಿ ಒಬ್ಬನ ಮನೆಯಲ್ಲೂ ಅಂಚೆಚೀಟಿಯ ಆಲ್ಬಮ್ ಇರಲಿಲ್ಲ. ಬೆಂಕಿಪೆಟ್ಟಿಗೆಯ ಚಿತ್ರಗಳು ಮಾತ್ರ ಎಲ್ಲರ ಚಡ್ಡಿ ಕಿಸೆಯಲ್ಲೂ ಇದ್ದವು. ಅದನ್ನು ಹವ್ಯಾಸ ಎಂದು ಬರೆಯಬಹುದೆಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಅದಕ್ಕೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆವು. ಹವ್ಯಾಸವನ್ನು ‘ಬೆಳೆಸಿಕೊಳ್ಳಬೇಕು’ ಎಂದು ಮಾಸ್ತರರು ಹೇಳುತ್ತಿದ್ದರು. ನಾದವನ್ನು ಬೆಳೆಸಿಕೋ ಎಂದು ಯಾರೂ ಯಾರಿಗೂ ಹೇಳಿದ್ದಿಲ್ಲ. ಇನ್ನೊಂದು ತಮಾಷೆ: ಬೆಳಗಾವಿ ದಾಟಿ ಮರಾಠಿ ಸೀಮೆಗೆ ಹೋದರೆ ಇದೇ ‘ಹವ್ಯಾಸ’ ದುರಾಸೆಯಾಗಿಬಿಡುತ್ತದೆ. ಅಲ್ಲಿ ಹಣದ ಹವ್ಯಾಸ ಎಂದರೆ ನಾಣ್ಯ ಕೂಡಿಡುವುದಲ್ಲ, ರೊಕ್ಕಕ್ಕೆ ಬಾಯಿಬಿಡುವುದು.

ನಮ್ಮ ನಾದದ ಎರಡನೆಯ ಅರ್ಥ ಕೂಡ ಮರಾಠಿಯ ಜೋಡಿ ಹಂಚಿಕೊಂಡದ್ದು. ಶಬ್ದ ಸಂಸ್ಕೃತದ್ದು, ಆದರೆ ‘ನಾದೀ ಲಾಗಣೆ’ ಎಂದು ಮರಾಠಿಗರು ಹೇಳುವುದಕ್ಕೂ ನಾವು ‘ನಾದಿಗೆ ಹತ್ತೂದು’ ಎನ್ನುವುದಕ್ಕೂ ಎಲುಬು ಒಂದೇ. ಪೇಶ್ವೆಯವರ ಕಾಲ, ಆಮೇಲೆ 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತ. ಇಷ್ಟು ದಿನ ಒಂದೇ ಚಾವಡಿಯಲ್ಲಿ ಕೂತವರ ಮಾತು ಒಂದಕ್ಕೊಂದು ಅಂಟದೆ ಹೇಗಿದ್ದೀತು? ಕೊಲ್ಹಾಪುರದವರು ಯಾವುದನ್ನಾದರೂ ಮೆಚ್ಚಿದರೆ ‘ನಾದ ಖುಳಾ’ ಎನ್ನುತ್ತಾರೆ. ಖುಳಾ ಎಂದರೆ ಹುಚ್ಚ. ನಾದಕ್ಕೂ ಹುಚ್ಚು ಹಿಡಿಸುವಷ್ಟು ಚಂದ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ದೊಡ್ಡಪ್ಪನ ಹೋರಿಗೆ ಬರುತ್ತೇನೆ. ಅದು ಹೊಲದ ಮುಖ ನೋಡಿದ ಹೋರಿಯಲ್ಲ. ನೊಗ ಹೊತ್ತಿದ್ದಿಲ್ಲ, ಚಕ್ಕಡಿ ಎಳೆದಿದ್ದಿಲ್ಲ. ದೀಪಾವಳಿ ಬಂತೆಂದರೆ ನಮ್ಮ ನಾಲ್ಕೂ ತಾಲೂಕುಗಳ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ, ಕೋಡಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಜನರ ನಡುವಿನ ಓಣಿಯಲ್ಲಿ ಬಾಣದಂತೆ ಹೊರಡುತ್ತದೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು, ಹೋರಿ ಹರಿಸಿಕೊಳ್ಳದೆ ದಾಟಬೇಕು. ಬೇರೆ ಹೋರಿಯ ಜೋಡಿ ಓಡಿ ಗೆಲ್ಲುವ ಆಟವಲ್ಲ ಇದು. ಊರನ್ನೇ ಗೆಲ್ಲುವ ಆಟ. ಬಲೂನು ಕಟ್ಟಿಸಿಕೊಂಡು ಬರುವ ಪೀಪಿ ಹೋರಿಗಳದ್ದು ಬೇರೆಯದೇ ಠೀವಿ. ಗೆದ್ದರೆ ತಿಜೋರಿ, ಫ್ರಿಜ್, ಬೈಕು, ಬಂಗಾರ. ಹೆಸರಾದ ಹೋರಿಗಳಿಗೆ ಅಭಿಮಾನಿ ಬಳಗಗಳುಂಟು, ಹೋರಿಯ ಚಿತ್ರ ಅಚ್ಚಾದ ಟೀಶರ್ಟುಗಳುಂಟು. ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ.

ಲೆಕ್ಕ ಹಾಕಿದರೆ ಇದರಲ್ಲಿ ಎಂದೂ ಲಾಭವಿಲ್ಲ. ವರ್ಷವಿಡೀ ಹುರುಳಿ, ಹಿಂಡಿ, ಹತ್ತಿಕಾಳು, ತತ್ತಿ, ಹಾಲು. ದಿನಾ ಮೈ ತಿಕ್ಕುವುದು, ನಡೆಸುವುದು, ಕೆರೆಯಲ್ಲಿ ಈಜಿಸುವುದು. ಇಷ್ಟೆಲ್ಲ ಎರಡು ನಿಮಿಷದ ಓಟಕ್ಕೆ. ‘ನನಗೊಂದು ಸೀರಿ ತರಾಕ ಇವರ ಕಡೆ ರೊಕ್ಕ ಇರಂಗಿಲ್ಲ, ಹೋರಿಗೆ ಜೂಲಾ ಹೊಲಸಾಕ ಇರ್ತಾವ’ ಎಂದು ದೊಡ್ಡವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುತ್ತಲೇ ಹೋರಿಗೆ ಮುಸುರಿ ಇಡಲು ಏಳುತ್ತಿದ್ದಳು. ಈ ನಾದಕ್ಕೆ ರಕ್ತವೂ ಅಂಟಿದೆ, ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಹೋರಿ ತಿವಿದು ಸತ್ತವರ ಸುದ್ದಿಯಿಲ್ಲದ ದೀಪಾವಳಿ ನಮ್ಮ ಜಿಲ್ಲೆಯಲ್ಲಿ ಅಪರೂಪ. ಸತ್ತವರಲ್ಲಿ ಎಷ್ಟೋ ಮಂದಿ ಕೊಬ್ಬರಿ ಹರಿಯಲು ಹೋದವರಲ್ಲ, ಬರೀ ನೋಡಲು ನಿಂತವರು. 2023ರ ಮೇ 18ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಕಂಬಳದ ಕಾಯ್ದೆಗಳನ್ನು ಎತ್ತಿಹಿಡಿದಾಗ ನಮ್ಮ ಕಡೆಯೂ ಪಟಾಕಿ ಹಾರಿದವು. ನನಗೆ ಕೇಳಿದರೆ, ಓಣಿಯ ಎರಡೂ ಬದಿಗೆ ಗಟ್ಟಿ ಬೇಲಿ ಹಾಕದ ಊರಲ್ಲಿ ಹಬ್ಬ ನಡೆಯಬಾರದು. ದೊಡ್ಡಪ್ಪ ಇದ್ದಿದ್ದರೆ ಈ ಮಾತಿಗೆ ಎದ್ದು ಹೋಗುತ್ತಿದ್ದ.

ಸವಣೂರಿನಲ್ಲಿ ಇದೇ ರೋಗಕ್ಕೆ ಉರ್ದುವಿನ ಹೆಸರು: ಶೌಕ್. 1948ರಲ್ಲಿ ಭಾರತದಲ್ಲಿ ಸೇರಿಹೋಗುವವರೆಗೂ ನವಾಬರು ಇದ್ದ ಊರು. ಪಾರಿವಾಳದ ಶೌಕ್, ಅತ್ತರಿನ ಶೌಕ್, ಎಲೆ ಹಾಕುವ ಶೌಕ್. ಸವಣೂರಿನ ವೀಳ್ಯದೆಲೆ ಬಾಯಲ್ಲಿಟ್ಟವನಿಗೆ ಕೊನೆಯದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಶೌಕ್ ಕನ್ನಡಕ್ಕೆ ಬರುವಾಗ ಪಾಪ, ದಾರಿಯಲ್ಲಿ ಮಾನ ಕಳೆದುಕೊಂಡಿತು. ನಮ್ಮಲ್ಲಿ ಅದು ‘ಶೋಕಿ’. ಒಳಗಿನ ತುಡಿತ ಹೊರಗಿನ ಥಳಕಾಯಿತು. ಇಂಗ್ಲಿಷಿನ ಶೋ ಬೇರೆ ಬಂದು ಕೈಜೋಡಿಸಿತು. ನೇರವಾಗಿ ‘ಶೋಕ’ ಎಂದು ಬರೆಯೋಣವೆಂದರೆ ಸಂಸ್ಕೃತದ ದುಃಖ ಬಾಗಿಲಲ್ಲೇ ಕುಳಿತಿದೆ. ‘ಹೋರಿ ಶೋಕ’ ಎಂದು ಬೋರ್ಡು ಬರೆಸಿದರೆ ಜನ ಹಾರ ಹಿಡಿದುಕೊಂಡು ಬಂದಾರು. ಅದೇ ಸವಣೂರಿನ ದೊಡ್ಡ ಹುಣಸೆ ಮರಗಳು ನಿಮಗೆ ಗೊತ್ತು. ಹುಣಸೆಯಲ್ಲ ಅವು, ಆಫ್ರಿಕಾದ ಬಾವೊಬಾಬ್. ಮೂರರಲ್ಲಿ ಒಂದು 2023ರ ಜುಲೈನಲ್ಲಿ ಬುಡಮೇಲಾಯಿತು, ಅರಣ್ಯ ಇಲಾಖೆಯವರು ಅದನ್ನು ಮತ್ತೆ ನೆಟ್ಟರು. ಆ ಬೀಜವನ್ನು ಕಡಲು ದಾಟಿಸಿ ಇಲ್ಲಿಯವರೆಗೆ ತಂದವನಿಗೆ ಯಾವ ನಾದವಿತ್ತೋ.

ಹೊರಗಿನಿಂದ ಬಂದು ನಮ್ಮ ಸೀಮೆಯಲ್ಲಿ ನಾದ ಹತ್ತಿಸಿಕೊಂಡವರಲ್ಲಿ ನನಗೆ ಇಷ್ಟದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಚನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷರಲ್ಲಿ ಇವನೊಬ್ಬ. ಆಗ ವಯಸ್ಸು 21. ಬಿಡುಗಡೆಯಾದ ಮೇಲೆ ಊರಿಗೆ ಓಡಿಹೋಗದೆ 1833ರವರೆಗೂ ಈ ಭಾಗದಲ್ಲೇ ನೌಕರಿ ಮಾಡಿದ. ಕಚೇರಿ ಮುಗಿದ ಮೇಲೆ ಬೇಟೆ, ನಾಣ್ಯ, ಕಲ್ಲಿನ ಮೇಲಿನ ಬರಹ. ಊರೂರಿನ ಶಾಸನಗಳನ್ನು ನಕಲು ಮಾಡಿಸಿ ಪೇರಿಸಿದ. ‘ಕರ್ನಾಟಕ ದೇಶ ಶಾಸನಗಳು’ ಎಂಬ ಅವನ ಹಸ್ತಪ್ರತಿ ಸಂಗ್ರಹದಲ್ಲಿ 595 ಶಾಸನಗಳಿವೆ. ಹಾನಗಲ್ಲ ಆಗ ಬರೀ ಒಂದು ಕಸಬೆ; ಅದು ಕದಂಬರ ಪಾನುಂಗಲ್ಲು ಎಂಬುದನ್ನು ಲೋಕಕ್ಕೆ ಬಿಡಿಸಿ ಹೇಳಿದ ಫ್ಲೀಟ್ ಸಾಹೇಬ ಎಲಿಯಟ್ಟನ ಈ ಗಂಟನ್ನು ಮತ್ತೆಮತ್ತೆ ಬಿಚ್ಚಿ ನೋಡಿದ್ದಾನೆ. ಎಲಿಯಟ್ ಹಿಡಿದ ಪ್ರಾಣಿಗಳ ಪಟ್ಟಿ 1839ರಲ್ಲಿ ಅಚ್ಚಾಯಿತು. ಅದರಲ್ಲಿನ ಒಂದು ಪೊದೆ ಇಲಿಗೆ ಇಂದಿಗೂ ವಿಜ್ಞಾನದ ಹೆಸರು ಗೊಲುಂಡಾ ಎಲಿಯೋಟಿ. ಹಿಂದಿನರ್ಧ ಅವನದು, ಮುಂದಿನರ್ಧ ನಮ್ಮವರು ಆ ಇಲಿಗೆ ಹೇಳುತ್ತಿದ್ದ ‘ಗುಲಂಡಿ’. ಲಂಡನ್ನಿನ ಪಂಡಿತರ ಬಾಯಲ್ಲಿ ನಮ್ಮ ಬದುವಿನ ಒಂದು ಕನ್ನಡ ಶಬ್ದ ಲ್ಯಾಟಿನ್ ಆಗಿ ಕೂತಿದೆ. ಕಲೆಕ್ಟರ್ ಎಂದರೆ ಕಂದಾಯ ವಸೂಲಿ ಮಾಡುವವನು ಎಂದಷ್ಟೇ ನಮಗೆ ಗೊತ್ತಿತ್ತು. ಅದೇ ಶಬ್ದದ ಇನ್ನೊಂದು ಅರ್ಥ, ಸಂಗ್ರಹದ ಹುಚ್ಚಿನವನು ಎಂಬುದು, ಆ ಕಚೇರಿಯಲ್ಲೇ ಕೈಕೆಳಗಿನ ಹುದ್ದೆಯಲ್ಲಿ ಕೂತಿತ್ತು.

ಹಿರೇಕೆರೂರು ತಾಲೂಕಿನ ಅಬಲೂರು ಸರ್ವಜ್ಞನ ಊರೆಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಎಲ್ಲರಿಂದ ಒಂದೊಂದು ಮಾತು ಕೂಡಿಸಿಕೊಂಡೇ ತಾನು ಸರ್ವಜ್ಞನಾದೆ ಎಂಬುದು ಅವನದೇ ವಿವರಣೆ, ಅಂದರೆ ಅವನೂ ಸಂಗ್ರಹಕಾರನೇ. ಆ ಸಂಗ್ರಹಕಾರನ ಮಾತುಗಳನ್ನು ಸಂಗ್ರಹಿಸುವ ನಾದ ಹತ್ತಿದ್ದು ಒಬ್ಬ ಕ್ರೈಸ್ತ ಪಾದ್ರಿಗೆ. ಬಾಸೆಲ್ ಮಿಶನ್ನಿನ ರೆವರೆಂಡ್ ಚನ್ನಪ್ಪ ಉತ್ತಂಗಿಯವರು ಉಪದೇಶಕ್ಕೆಂದು ಹಳ್ಳಿಗಳಿಗೆ ಹೋಗುತ್ತಿದ್ದರು, ಬರುವಾಗ ಜೋಳಿಗೆಯಲ್ಲಿ ತ್ರಿಪದಿ ಹಾಕಿಕೊಂಡು ಬರುತ್ತಿದ್ದರು. ಮುದುಕರ ಬಾಯಿಂದ ಕೆಲವು, ಕೈಬರಹದ ಕಟ್ಟುಗಳಿಂದ ಕೆಲವು. ವರ್ಷಗಟ್ಟಲೆ ಆಯ್ದು ಜೋಡಿಸಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಪುಸ್ತಕ ತಂದರು. ಪಾದ್ರಿಯ ಸಂಬಳ ಎಷ್ಟೆಂದು ಬಲ್ಲವರಿಗೆ ಅಚ್ಚಿನ ಖರ್ಚು ಎಲ್ಲಿಂದ ಬಂದೀತೆಂಬ ಚಿಂತೆ ಬರುತ್ತದೆ. ನಾದ ಹತ್ತಿದವರು ಆ ಲೆಕ್ಕ ಇಡುವುದಿಲ್ಲ.

ಇನ್ನು ಕಿವಿಯ ನಾದ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಕಣ್ಣಿಲ್ಲದ ಹುಡುಗನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕೈಹಿಡಿದು ಸಂಗೀತಕ್ಕೆ ಹಚ್ಚಿದರು. ಅವನೇ ಪಂಚಾಕ್ಷರಿ ಗವಾಯಿ. ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಇನ್ನೊಬ್ಬ ಕಣ್ಣಿಲ್ಲದ ಹುಡುಗ ಅವರ ಶಿಷ್ಯನಾಗಿ ಪುಟ್ಟರಾಜ ಗವಾಯಿಯಾದ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ಹೆಸರಿನ ಕೊನೆಗೆ ಕೂತದ್ದೂ ಹಾನಗಲ್ಲವೇ. ಇವರ ಮನೆಗಳಲ್ಲಿ ‘ಇವಗ ಹಾಡಿನ ನಾದ ಐತಿ’ ಎಂದಾಗ ಆ ಶಬ್ದ ಯಾವ ಅರ್ಥದಲ್ಲಿ ನಿಂತಿತ್ತೆಂದು ಬಿಡಿಸುವುದು ನಿಘಂಟಿನವರಿಗೆ ಕಷ್ಟ. ಬಿಡಿಸುವುದೂ ಬೇಡ.

ಹಾನಗಲ್ಲ ತಾಲೂಕಿನಲ್ಲೇ ಶೇಷಗಿರಿ ಎಂಬ ಸಣ್ಣ ಊರಿದೆ. ಹಗಲು ಹೊಲ, ರಾತ್ರಿ ನಾಟಕದ ತಾಲೀಮು. ಊರಿನವರೇ ನಟರು, ಊರಿಗೆ ತನ್ನದೇ ರಂಗಮಂದಿರ. ಪತ್ರಿಕೆಯವರು ಇವರನ್ನು ‘ಹವ್ಯಾಸಿ ತಂಡ’ ಎಂದು ಬರೆಯುತ್ತಾರೆ. ಸಂಬಳ ತೆಗೆದುಕೊಳ್ಳುವ ಕಂಪನಿ ನಾಟಕದವರು ವೃತ್ತಿ, ತೆಗೆದುಕೊಳ್ಳದವರು ಹವ್ಯಾಸಿ ಎಂಬುದು ಲೆಕ್ಕಪತ್ರದ ಭಾಷೆ. ಇಡೀ ದಿನ ಗಳೆ ಹೊಡೆದು ಬಂದವನು ರಾತ್ರಿ ಹನ್ನೊಂದಕ್ಕೆ ಮಾತು ಮರೆಯದೆ ನಿಲ್ಲುವುದಕ್ಕೆ ‘ಹವ್ಯಾಸ’ ಸಾಲದು.

ದೊಡ್ಡಪ್ಪನ ಕತೆ ಮುಗಿದಿಲ್ಲ. ಮೊಣಕಾಲು ಹೋದ ಮೇಲೆ ಹೋರಿ ಮಾರಿದ. ಆದರೆ ನಾದ ಬಿಡಲಿಲ್ಲ, ಜಾಗ ಬದಲಿಸಿತು. ಹೋರಿಗೆಂದು ತಂದ ಕಂಚಿನ ಗಂಟೆಗಳು ಮನೆಯಲ್ಲಿ ಉಳಿದಿದ್ದವು. ಅವಕ್ಕೆ ಜೊತೆಯಾಗಿ ಇನ್ನಷ್ಟು ತರತೊಡಗಿದ. ಜಾತ್ರೆಗೆ ಹೋದರೆ ಗಂಟೆ, ಬೀಗರ ಮನೆಗೆ ಹೋದರೆ ಅವರ ಅಟ್ಟದ ಮೇಲಿನ ಗಂಟೆ. ಕೋಡಣಸು, ಗೆಜ್ಜೆಸರ, ಹಣೆಕಟ್ಟು ಬೇರೆ. ಎಲ್ಲವನ್ನೂ ಪಡಸಾಲೆಯ ತೊಲೆಗೆ ಸಾಲಾಗಿ ತೂಗುಹಾಕಿದ್ದ. ಸಂಜೆ ಅವನ ಬೆನ್ನು ತಿರುಗಿಸಿ ಕೂಡಿಸಿ ನಾವು ಹುಡುಗರು ಒಂದೊಂದನ್ನೇ ಬಾರಿಸುತ್ತಿದ್ದೆವು. ‘ಇದು ಬಂಕಾಪುರದ್ದು. ಇದು ತಿಳವಳ್ಳಿ ಸಂತ್ಯಾಗ ತಂದಿದ್ದು. ಏ, ಅದನ್ನ ಬಿಡು, ಒಡದೈತಿ ಅದು’ ಎನ್ನುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ಹೋರಿ ಇಂಪಾಗಿ ಕೂಗುತ್ತಿತ್ತಾ ಎಂದು ಕೇಳಿದ ಮೈಸೂರಿನ ಗೆಳೆಯನಿಗೆ ನಾನು ಆ ದಿನ ಯಾಕೆ ನಕ್ಕೆನೋ.

ಈಗ ಮನೆ ಕೆಡವಿ ಕಟ್ಟಿಸುತ್ತಿದ್ದಾರೆ. ಗಂಟೆಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟಿದ್ದಾರೆ. ಕಂಚಿಗೆ ಕಿಲೋಕ್ಕೆ ಏನು ಸಿಗುತ್ತದೆಂದು ಅಣ್ಣ ಫೋನಿನಲ್ಲಿ ಕೇಳಿದ, ‘ತೂಕಕ್ಕ ಹಾಕಬ್ಯಾಡೋ ಅಣ್ಣ, ನಾ ಬರ್ತೀನಿ’ ಎಂದೆ. ನಿಮ್ಮ ಅಟ್ಟದ ಮೇಲೂ ಇಂಥ ಚೀಲವಿದ್ದರೆ ಗುಜರಿಯವನನ್ನು ಕೂಗುವ ಮೊದಲು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರನ್ನು ಒಮ್ಮೆ ಕೇಳಿ ನೋಡಿ. ಯಾವ ಗಂಟೆ ಯಾವ ಊರಿನದೆಂದು ಹೇಳುವ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ, ಚೀಟಿ ಬರೆದು ಕಟ್ಟಿಡಿ. ನಮ್ಮ ಮನೆಯಲ್ಲಿ ಅದನ್ನು ಮಾಡಲಿಲ್ಲ.