ಹೊಲಕ್ಕೆ ಬಂದ ಪಾಠಶಾಲೆ

ವಿದ್ಯಾರ್ಥಿಯು ಗುರುಗೃಹವನ್ನರಸಿ ಹೋಗತಕ್ಕದ್ದೆಂಬುದು ಲೋಕರೂಢಿ. ಆದರೆ ಹಗಲೆಲ್ಲ ಪರರ ಹೊಲದಲ್ಲಿ ದುಡಿದು ಬೈಗಿನಲ್ಲಿ ಮನೆ ಸೇರುವ ಗೃಹಸ್ಥನು ಯಾವ ಗುರುಗೃಹಕ್ಕೆ ಹೋದಾನು? ಈ ಪ್ರಶ್ನೆಗೆ ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ದೊರೆತ ಉತ್ತರವು ಮನನಯೋಗ್ಯವಾದುದು.

1865ರಲ್ಲಿ ಆ ದೇಶದಲ್ಲಿ ಗುಲಾಮಗಿರಿಯು ರದ್ದಾಯಿತು. ಬಿಡುಗಡೆ ಹೊಂದಿದ ಆಫ್ರಿಕಾ ಮೂಲದ ಜನರಿಗೆ ಸ್ವಾತಂತ್ರ್ಯವು ಬಂದಿತೇ ಹೊರತು ಭೂಮಿಯು ಬರಲಿಲ್ಲ. ಬಹುಮಂದಿ ಧಣಿಗಳ ಹೊಲವನ್ನು ಪಾಲಿಗೆ ಮಾಡಿ, ಬೀಜಕ್ಕೂ ಅನ್ನಕ್ಕೂ ಸಾಲವೆತ್ತಿ, ವರ್ಷವರ್ಷವೂ ಹತ್ತಿಯನ್ನೇ ಬೆಳೆದರು. ಸಾಲವು ಬೆಳೆಯಿತು, ನೆಲವು ಬಡವಾಯಿತು.

ಬೂಕರ್ ಟಿ. ವಾಷಿಂಗ್ಟನ್ನರು 1881ರಿಂದ ನಡೆಯಿಸುತ್ತಿದ್ದ ಟಸ್ಕೀಗಿ ವಿದ್ಯಾಲಯಕ್ಕೆ 1896ರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರರು ಕೃಷಿಶಾಸ್ತ್ರದ ಅಧ್ಯಾಪಕರಾಗಿ ಬಂದರು. ಇವರೂ ಗುಲಾಮ ತಾಯಿಯ ಮಗನೇ. ಅಲಸಂದೆ, ಕಡಲೆಕಾಯಿಗಳ ಬೇರುಗಂಟಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುವು. ಆ ಗಿಡಗಳನ್ನು ಉತ್ತು ಮುಚ್ಚಿದರೆ ಬಳಲಿದ ನೆಲಕ್ಕೆ ಸಾರವು ಮರಳುವುದು. ಉದುರಿದ ಎಲೆ, ಜೌಗಿನ ಮಣ್ಣು ಇವುಗಳೇ ಕಾಸು ಬೇಡದ ಗೊಬ್ಬರ. ಇವನ್ನು ಕಾರ್ವರರು ವಿದ್ಯಾಲಯದ ಪ್ರಯೋಗಕ್ಷೇತ್ರದಲ್ಲಿ ಮಾಡಿ ತೋರಿಸಿದರು.

ಆದರೆ ಅಕ್ಷರವನ್ನರಿಯದವನಿಗೆ ಪತ್ರಿಕೆಯಿಂದೇನು ಪ್ರಯೋಜನ? ಆದುದರಿಂದ 1906ರಲ್ಲಿ ಪಾಠಶಾಲೆಯೇ ಬಂಡಿಯೇರಿತು. ಧನಸಹಾಯ ಮಾಡಿದ ಮಾರಿಸ್ ಜೆಸಪ್ಪರ ಹೆಸರಿನ ಆ ಬಂಡಿಯಲ್ಲಿ ನೇಗಿಲು, ಬೀಜ, ಗೊಬ್ಬರ, ಕೆನೆ ತೆಗೆಯುವ ಯಂತ್ರ, ಬೆಣ್ಣೆ ಕಡೆಯುವ ಸಾಧನ ಎಲ್ಲವೂ ಇದ್ದುವು. ಅದೇ ವರ್ಷ ಅದರ ಹೊಣೆಯನ್ನು ವಹಿಸಿಕೊಂಡ ಥಾಮಸ್ ಕ್ಯಾಂಬೆಲ್ಲರು ಊರೂರಿಗೆ ಹೋಗಿ ಒಕ್ಕಲಿಗರ ಕಣ್ಣೆದುರಿನಲ್ಲೇ ಉಳುಮೆ ಬಿತ್ತನೆಗಳನ್ನು ಮಾಡಿ ಕಲಿಸಿದರು. ಕೈ ಅರಿತುದನ್ನು ಮನಸ್ಸು ಸುಲಭವಾಗಿ ಮರೆಯದಷ್ಟೆ.

ಇಂಥ ಕಾರ್ಯಗಳ ತತ್ತ್ವಕ್ಕೆ ಮುಂದೆ ಶಾಸನದ ಬಲವೂ ದೊರೆಯಿತು. 1914ರ ಸ್ಮಿತ್–ಲೀವರ್ ಶಾಸನವು ಕೃಷಿಪ್ರಾತ್ಯಕ್ಷಿಕೆಗಳನ್ನು ದೇಶಾದ್ಯಂತ ಹಬ್ಬಿಸಿತು. 1917ರ ಸ್ಮಿತ್–ಹ್ಯೂಸ್ ಶಾಸನದ ಆಶ್ರಯದಲ್ಲಿ ವಯಸ್ಕ ರೈತರಿಗಾಗಿ ಸಂಜೆಯ ತರಗತಿಗಳೇರ್ಪಟ್ಟುವು. ದಿನದ ದುಡಿಮೆಯನ್ನು ಬಿಡದೆಯೇ ಕಲಿಯುವ ಮಾರ್ಗವು ತೆರೆಯಿತು.

ಆದರೂ ಒಂದು ಮಾತನ್ನು ಮರೆಮಾಚಲಾಗದು. ಅಲಸಂದೆಯ ಗುಣವನ್ನರಿತ ಒಕ್ಕಲಿಗನಿಗೂ ಧಣಿಯು ಹತ್ತಿಯನ್ನೇ ಬಿತ್ತೆಂದರೆ ಹತ್ತಿಯನ್ನೇ ಬಿತ್ತಬೇಕಾಗಿತ್ತು. ಬಂಡಿಯು ಜ್ಞಾನವನ್ನು ಹೊತ್ತು ತಂದಿತು, ಭೂಮಿಯನ್ನು ತರಲಾರದಾಯಿತು. ಮನೆಯ ಹಿತ್ತಲಿನಲ್ಲಿ ತರಕಾರಿಯನ್ನಾದರೂ ಬೆಳೆದುಕೊಳ್ಳಿರೆಂದು ಕಾರ್ವರರು ಒತ್ತಿ ಹೇಳುತ್ತಿದ್ದುದರ ಮರ್ಮವು ಇಲ್ಲಿದೆ. ಕಲಿತ ಕೈಗೆ ತನ್ನದೆನ್ನುವ ಅಂಗೈಯಗಲದ ನೆಲವಾದರೂ ಇದ್ದಲ್ಲದೆ ಕಲಿಕೆಯು ಫಲಿಸದು.