ಮೊಬೈಲ್ ರೇಡಿಯೇಷನ್: ಸ್ಟಿಕ್ಕರ್‌ಗೆ ದುಡ್ಡು ಹಾಕೋ ಮುಂಚೆ ಇದನ್ನು ಓದಿ

ಬೆಳಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಎಳೆಯೋವರೆಗೂ ಅಂಗಡಿಯವರ ಫೋನ್ ಅಂಗಿ ಜೇಬಿನಲ್ಲೇ ಇರುತ್ತೆ. ಅದರಿಂದ ಕ್ಯಾನ್ಸರ್ ಬರುತ್ತೆ ಅನ್ನೋ ವಾಟ್ಸಾಪ್ ಮೆಸೇಜ್ ಕೂಡ ಅದೇ ಫೋನಿಗೆ ಬರುತ್ತೆ. ಹೆದರಿದವರು 'ರೇಡಿಯೇಷನ್ ತಡೆಯೋ ಚಿಪ್' ಅಂತ ಸ್ಟಿಕ್ಕರ್ ಕೊಳ್ಳುತ್ತಾರೆ. ನಿಜ ಏನು?

ಫೋನಿನಿಂದ ಬರೋದೇನು?
ರೇಡಿಯೋ ತರಂಗ. ಎಕ್ಸ್‌ರೇ ಥರ ಡಿಎನ್‌ಎ ಮುರಿಯುವ ಶಕ್ತಿ ಇದಕ್ಕಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಅಂದ್ರೆ ಹತ್ತಿರದ ಅಂಗಾಂಶ ಸ್ವಲ್ಪ ಬಿಸಿಯಾಗೋದು. ದೇಹ ಎಷ್ಟು ಹೀರಿಕೊಳ್ಳುತ್ತೆ ಅನ್ನೋ ಅಳತೆಗೆ 'ಎಸ್‌ಎಆರ್' ಅಂತಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಇದರ ಮಿತಿ ಕೆ.ಜಿ.ಗೆ 1.6 ವ್ಯಾಟ್. ಅಮೆರಿಕದಲ್ಲೂ ಇಷ್ಟೇ.

ನಿಮ್ಮ ಫೋನಿನದು ಎಷ್ಟು?
ಡಯಲ್ ಪ್ಯಾಡ್‌ನಲ್ಲಿ *#07# ಒತ್ತಿದರೆ ಹಲವು ಫೋನ್‌ಗಳಲ್ಲಿ ಕಾಣುತ್ತೆ. ಬರದಿದ್ದರೆ ಡಬ್ಬಿ ಅಥವಾ ಕಂಪನಿ ವೆಬ್‌ಸೈಟ್ ನೋಡಿ. ಇದು ಫೋನ್ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡುವಾಗಿನ ಗರಿಷ್ಠ ಅಳತೆ. ದಿನನಿತ್ಯದ ಬಳಕೆಯಲ್ಲಿ ಸಾಮಾನ್ಯವಾಗಿ ಇದಕ್ಕಿಂತ ತುಂಬಾ ಕಡಿಮೆ ಇರುತ್ತೆ.

ಕ್ಯಾನ್ಸರ್ ಬರುತ್ತಾ?
ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. 'ಕ್ಯಾನ್ಸರ್ ತರಬಹುದೇನೋ, ಆದರೆ ಪುರಾವೆ ಸಾಲದು' ಅನ್ನೋದು ಅದರ ಅರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಇದೇ ಗುಂಪಿನಲ್ಲಿದೆ. ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ಅಧ್ಯಯನಗಳ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಂಡುಬಂದಿಲ್ಲ.

ಸಿಗ್ನಲ್ ಕಡ್ಡಿ ಗಮನಿಸಿ
ಟವರ್ ಹತ್ತಿರ ಇದ್ರೆ ಫೋನ್ ಕಡಿಮೆ ಶಕ್ತಿಯಲ್ಲಿ ಮಾತಾಡುತ್ತೆ. ಸಿಗ್ನಲ್ ಒಂದೇ ಕಡ್ಡಿ ಇದ್ರೆ ಟವರ್‌ಗೆ ಮುಟ್ಟಿಸಲು ಜೋರಾಗಿ ಕೂಗಬೇಕಾಗುತ್ತೆ. ತೋಟದ ಮನೆಯಲ್ಲಿ, ಗೋದಾಮಿನ ಒಳಗೆ ಬ್ಯಾಟರಿ ಬೇಗ ಇಳಿಯೋದಕ್ಕೂ ಇದೇ ಒಂದು ಕಾರಣ. ಸ್ಟಿಕ್ಕರ್ ಸಿಗ್ನಲ್‌ಗೆ ಅಡ್ಡ ಬಂದ್ರೂ ಹೀಗೇ ಆಗುತ್ತೆ: ಫೋನ್ ಇನ್ನೂ ಹೆಚ್ಚು ಶಕ್ತಿ ಬಿಡುತ್ತೆ. ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ ಗ್ರಾಹಕರಿಗೆ ಇದೇ ಎಚ್ಚರಿಕೆ ಕೊಟ್ಟಿದೆ.

ಆದರೂ ಬಳಕೆ ತಗ್ಗಿಸಬೇಕು ಅನ್ನೋರಿಗೆ ಖರ್ಚಿಲ್ಲದ ದಾರಿ:
• ಉದ್ದ ಮಾತಿಗೆ ಸ್ಪೀಕರ್ ಅಥವಾ ಇಯರ್‌ಫೋನ್ ಹಾಕಿ. ಕಿವಿಯಿಂದ ಸ್ವಲ್ಪ ದೂರ ಹೋದ್ರೂ ಪ್ರಮಾಣ ಬಹಳ ಇಳಿಯುತ್ತೆ.
• ಸಿಗ್ನಲ್ ಕಡಿಮೆ ಇದ್ದಾಗ ಹೊರಗೆ ಬಂದು ಮಾತಾಡಿ, ಇಲ್ಲವೇ ಮೆಸೇಜ್ ಕಳಿಸಿ.
• ಅಂಗಡಿಯಲ್ಲಿ ಕೂತಾಗ ಫೋನ್ ಜೇಬಿನ ಬದಲು ಕೌಂಟರ್ ಮೇಲಿಡಿ, ರಾತ್ರಿ ದಿಂಬಿನಡಿ ಬೇಡ.
• ಪೇಸ್‌ಮೇಕರ್ ಇರುವವರು ಎಡಗಡೆ ಮೇಲಿನ ಜೇಬಿನಲ್ಲಿ ಇಡಲೇಬೇಡಿ. ಕನಿಷ್ಠ 15 ಸೆಂ.ಮೀ. ದೂರ ಇರಲಿ, ಮಾತಾಡುವಾಗ ಇನ್ನೊಂದು ಬದಿಯ ಕಿವಿ ಬಳಸಿ.

ಟವರ್ ಬಗ್ಗೆ ಅನುಮಾನ ಇದ್ರೆ
ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಪೋರ್ಟಲ್ 2017ರಲ್ಲಿ ಶುರುವಾಗಿದೆ. ನಿಮ್ಮ ಸುತ್ತಲಿನ ಟವರ್‌ಗಳು ಮಿತಿಯೊಳಗಿವೆಯೇ ಅಂತ ಅದರಲ್ಲಿ ನೋಡಬಹುದು. ಸ್ಥಳದಲ್ಲೇ ಅಳತೆ ಮಾಡಿಸಲು ಆಗ ನಿಗದಿಯಾದ ಶುಲ್ಕ 4,000 ರೂ.

ಖಚಿತವಾದ ಅಪಾಯ ಒಂದಿದೆ
ಗಾಡಿ ಓಡಿಸುವಾಗ ಫೋನ್ ಬಳಸಿದರೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ರೇಡಿಯೇಷನ್‌ಗೆ ಹೆದರಿ ಸ್ಟಿಕ್ಕರ್ ಅಂಟಿಸಿ, ಅದೇ ಫೋನನ್ನು ಹೆಲ್ಮೆಟ್ ಒಳಗೆ ಸಿಕ್ಕಿಸಿ ಬೈಕ್ ಓಡಿಸೋರು ಇದನ್ನು ಮೊದಲು ಬಿಡಬೇಕು.