ಬಂದವರಿಗೆ ನೀರು, ಹೊರಟವರಿಗೆ ಹಡಗು

ಸ್ಪಾರ್ಟಾದ ಅರಮನೆಯಲ್ಲಿ ಜೋಡಿ ಮದುವೆಯ ಗದ್ದಲ. ಮಗಳನ್ನು ಗಂಡನ ಮನೆಗೆ ಕಳಿಸಬೇಕು, ಮಗನಿಗೆ ಹೆಣ್ಣು ತಂದುಕೊಳ್ಳಬೇಕು. ನೆಂಟರಿಷ್ಟರೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲೇ ಗುರುತು ಪರಿಚಯವಿಲ್ಲದ ಇಬ್ಬರು ತರುಣರು ಹೆಬ್ಬಾಗಿಲಲ್ಲಿ ರಥ ನಿಲ್ಲಿಸುತ್ತಾರೆ. ಇವರ ಕುದುರೆ ಬಿಚ್ಚಿಸುವುದೋ, ಬೇರೆ ಮನೆ ನೋಡಿಕೊಳ್ಳಿ ಎಂದು ಸಾಗಹಾಕುವುದೋ ಎಂದು ಸೇವಕ ಎಟಿಯೋನಿಯಸ್ ಒಳಗೆ ಬಂದು ಕೇಳುತ್ತಾನೆ. ದೊರೆ ಮೆನೆಲಾಸ್‌ಗೆ ಮೈ ಉರಿಯುತ್ತದೆ. ಇಷ್ಟು ದಿನ ಬುದ್ಧಿವಂತನಾಗಿದ್ದವನು ಇವತ್ತೇಕೆ ಎಳೆಮಕ್ಕಳ ಹಾಗೆ ಮಾತಾಡುತ್ತೀ, ನಾವು ಊರು ಸೇರಿದ್ದೇ ದಾರಿಯುದ್ದಕ್ಕೂ ಕಂಡವರ ಮನೆಯಲ್ಲಿ ಉಂಡು ಅಲ್ಲವೇ ಎಂದು ಗದರುತ್ತಾನೆ. ಕುದುರೆಗಳಿಗೆ ಜವೆಗೋದಿ ಬೀಳುತ್ತದೆ, ತರುಣರಿಗೆ ಸ್ನಾನ, ಹೊಸ ಬಟ್ಟೆ, ಊಟ. ಅವರು ಯಾರೆಂದು ಇನ್ನೂ ಯಾರೂ ಕೇಳಿಲ್ಲ.

ಹೋಮರನ ‘ಒಡಿಸ್ಸಿ’ಯ ನಾಲ್ಕನೇ ಸರ್ಗದ ಪ್ರಸಂಗ ಇದು. ಕ್ರಿ.ಪೂ. 8ನೇ ಶತಮಾನದ ಕೊನೆಯಲ್ಲೋ 7ನೇ ಶತಮಾನದಲ್ಲೋ ರೂಪ ತಳೆದ ಈ ಕಾವ್ಯಕ್ಕೆ 24 ಸರ್ಗ, ಸುಮಾರು 12,000 ಸಾಲು. ಟ್ರಾಯ್ ಯುದ್ಧ ಮುಗಿಸಿದ ಒಡಿಸ್ಯೂಸ್ ತನ್ನ ದ್ವೀಪ ಇಥಾಕಾ ತಲುಪಲು ಪಟ್ಟ ಹತ್ತು ವರ್ಷಗಳ ಪಾಡು ಅದರ ಕಥೆ. ರಾಕ್ಷಸರು, ಮಾಟಗಾತಿ, ಸಮುದ್ರದ ಸುಳಿ ಎಲ್ಲ ಅದರಲ್ಲಿ ಇವೆ. ಆದರೂ ಎಣಿಸಿ ನೋಡಿದರೆ ಕಾವ್ಯದ ಬಹುಭಾಗ ನಡೆಯುವುದು ಯಾರದೋ ಮನೆಯ ಊಟದ ಮುಂದೆ.

ಕಾರಣ ಸರಳ. ಆ ಜಗತ್ತಿನಲ್ಲಿ ತಂಗಲು ಛತ್ರವಿಲ್ಲ, ಕೊಡಲು ನಾಣ್ಯವಿಲ್ಲ. ಬೆಲೆ ಕಟ್ಟುತ್ತಿದ್ದದ್ದು ಎತ್ತುಗಳ ಲೆಕ್ಕದಲ್ಲಿ. ಪರವೂರಿನಲ್ಲಿ ಕೊಲೆಯಾದರೆ ಕೇಳುವ ನ್ಯಾಯಾಲಯವೂ ಇಲ್ಲ. ಹೊರಗಿನವನಿಗೆ ಇದ್ದ ಒಂದೇ ರಕ್ಷೆ ಎಂದರೆ ದೇವರಾಜ ಝ್ಯೂಸ್‌ನ ಭಯ. ಅತಿಥಿಯೂ ಭಿಕ್ಷುಕನೂ ಅವನ ಕಡೆಯವರು, ಅವರಿಗೆ ಕೇಡು ಬಗೆದರೆ ಅವನೇ ವಿಚಾರಿಸಿಕೊಳ್ಳುತ್ತಾನೆ ಎಂಬ ನಂಬಿಕೆ.

ಉಪಚಾರಕ್ಕೆ ಒಂದು ಕ್ರಮವಿತ್ತು. ವೇಷ ಮರೆಸಿ ಬಂದ ಅಥೀನಾ ದೇವಿ ಬಾಗಿಲಲ್ಲಿ ನಿಂತದ್ದನ್ನು ಕಂಡು ಒಡಿಸ್ಯೂಸ್‌ನ ಮಗ ಟೆಲಿಮ್ಯಾಕಸ್‌ಗೆ ನಾಚಿಕೆಯಾಗುತ್ತದೆ: ಬಂದವರು ಇಷ್ಟು ಹೊತ್ತು ಹೊರಗೆ ಕಾಯುವುದೇ! ಓಡಿಹೋಗಿ ಬಲಗೈ ಹಿಡಿಯುತ್ತಾನೆ, ಈಟಿಯನ್ನು ಇಸಿದುಕೊಂಡು ತಂದೆಯ ಈಟಿಗಳ ಪಕ್ಕದಲ್ಲಿ ಇಡುತ್ತಾನೆ. ಇದು ಮರ್ಯಾದೆಯೂ ಹೌದು, ಆಯುಧ ಕೈತಪ್ಪಿಸುವ ಜಾಣತನವೂ ಹೌದು. ಆಮೇಲೆ ದಾಸಿ ಚಿನ್ನದ ಹೂಜಿಯಿಂದ ಬೆಳ್ಳಿಯ ಬೋಗುಣಿಯ ಮೇಲೆ ಕೈಗೆ ನೀರು ಹಾಕುತ್ತಾಳೆ. ರೊಟ್ಟಿ, ಮಾಂಸ, ದ್ರಾಕ್ಷಾರಸ ಬರುತ್ತವೆ. ಹೊಟ್ಟೆ ತುಂಬಿದ ಮೇಲೆಯೇ ಹೆಸರು, ಊರು. ಮೊದಲೇ ಕೇಳಿದರೆ ಬಂದವನು ಹಳೆಯ ಹಗೆಯ ಮಗ ಎಂದು ತಿಳಿದೀತು, ತುತ್ತು ಹಾಕಲು ಮನಸ್ಸು ಬಾರದೇ ಹೋದೀತು. ಉಂಡಾದ ಮೇಲೆ ತಿಳಿದರೆ ಕೈ ಮಾಡುವ ಹಾಗಿಲ್ಲ.

ಆ ಋಣ ತಲೆಮಾರು ದಾಟಿಯೂ ಉಳಿಯುತ್ತಿತ್ತು. ಹೋಮರನದೇ ಇನ್ನೊಂದು ಕಾವ್ಯ ‘ಇಲಿಯಡ್’ನ ಆರನೇ ಸರ್ಗದಲ್ಲಿ ಡಯೊಮಿಡೀಸ್, ಗ್ಲಾಕಸ್ ಎಂಬ ಎದುರಾಳಿಗಳು ರಣರಂಗದ ನಡುವೆ ವಂಶ ಹೇಳಿಕೊಳ್ಳುತ್ತಾರೆ. ಒಬ್ಬನ ಅಜ್ಜ ಇನ್ನೊಬ್ಬನ ಅಜ್ಜನನ್ನು ಇಪ್ಪತ್ತು ದಿನ ಮನೆಯಲ್ಲಿಟ್ಟು ಸತ್ಕರಿಸಿದ್ದ ಎಂದು ಹೊರಬೀಳುತ್ತದೆ. ಅಲ್ಲಿಗೆ ಕಾಳಗ ನಿಂತು ಕವಚಗಳ ಅದಲುಬದಲು. ಗ್ಲಾಕಸ್ ಕೊಟ್ಟದ್ದು ನೂರು ಎತ್ತು ಬೆಲೆಯ ಚಿನ್ನದ್ದು, ಪಡೆದದ್ದು ಒಂಬತ್ತು ಎತ್ತು ಬೆಲೆಯ ಕಂಚಿನದು. ಝ್ಯೂಸ್ ಅವನ ಬುದ್ಧಿ ಕಿತ್ತುಕೊಂಡಿದ್ದ ಎಂದು ಹೋಮರ್ ಚುಚ್ಚದೆ ಬಿಡುವುದಿಲ್ಲ.

ಇದೆಲ್ಲ ಕವಿಕಲ್ಪನೆಯಷ್ಟೇ ಅಲ್ಲ. ಅಮೆರಿಕದ ಪುರಾತತ್ವಜ್ಞ ಕಾರ್ಲ್ ಬ್ಲೆಗನ್ 1939ರಲ್ಲಿ ಪೈಲಾಸ್ ಬಳಿ ಅಗೆಯಲು ತೊಡಗಿದ ಅರಮನೆಗೆ, ಕಾವ್ಯದಲ್ಲಿ ಬರುವ ಪೈಲಾಸ್ ದೊರೆಯ ಹೆಸರಿನಿಂದ, ಇಂದು ‘ನೆಸ್ಟರನ ಅರಮನೆ’ ಎಂದೇ ಹೆಸರು. ಅದು ಸುಟ್ಟುಹೋದದ್ದು ಕ್ರಿ.ಪೂ. 1200ರ ಆಸುಪಾಸಿನಲ್ಲಿ, ಹೋಮರನಿಗಿಂತ ಸುಮಾರು ಐನೂರು ವರ್ಷಗಳಷ್ಟು ಹಿಂದೆ. ಅಲ್ಲಿನ ಉಗ್ರಾಣವೊಂದರಲ್ಲೇ ಉದ್ದ ಕಾಲಿನ ಮಣ್ಣಿನ ಪಾನಪಾತ್ರೆಗಳು 2,800ಕ್ಕೂ ಹೆಚ್ಚು ಸಿಕ್ಕಿವೆ. ಬಣ್ಣ ಬಳಿದ ಮಣ್ಣಿನ ಸ್ನಾನದ ತೊಟ್ಟಿಯೂ ಇದೆ. ಕಾವ್ಯದಲ್ಲಿ ನೆಸ್ಟರನ ಕಿರಿಮಗಳು ಟೆಲಿಮ್ಯಾಕಸ್‌ನನ್ನು ಮೀಯಿಸುವುದು ಇದೇ ಪೈಲಾಸ್‌ನಲ್ಲಿ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಆ ಕಾಲದ ಲಿಪಿಯನ್ನು ಬಿಡಿಸಿದ ಮೇಲೆ, ಕ್ರೀಟ್‌ನ ನಾಸಸ್ ಅರಮನೆಯ ಲೆಕ್ಕದ ಮಣ್ಣಿನ ಫಲಕಗಳಲ್ಲಿ ‘ಅತಿಥಿಗಳಿಗೆಂದು’ ಬೇರೆ ತೆಗೆದಿಟ್ಟ ಬಟ್ಟೆಗಳ ನಮೂದೂ ಓದಲು ಸಿಕ್ಕಿತು.

ಆತಿಥ್ಯ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂಟಿಕಣ್ಣಿನ ರಾಕ್ಷಸ ಪಾಲಿಫೀಮಸ್‌ನ ಗುಹೆ ಎಲ್ಲರಿಗೂ ಗೊತ್ತು. ಅವನು ಮೊದಲು ಕೇಳುವುದೇ ನೀವು ಯಾರೆಂದು. ಊಟ ಹಾಕುವ ಬದಲು ಬಂದವರನ್ನೇ ಹೊತ್ತಿಗೆ ಇಬ್ಬರಂತೆ ತಿನ್ನುತ್ತಾನೆ. ಹಾಗೆಂದು ಒಡಿಸ್ಯೂಸ್ ಸಾಚಾ ಅಲ್ಲ. ಯಜಮಾನ ಇಲ್ಲದ ಹೊತ್ತಿನಲ್ಲಿ ಒಳಹೊಕ್ಕು ಅವನ ಗಿಣ್ಣು ತಿಂದವನು ಅವನೇ. ಹೊರಟುಬಿಡೋಣ ಎಂದು ಸಂಗಡಿಗರು ಗೋಗರೆದರೂ ಉಡುಗೊರೆ ಸಿಕ್ಕೀತೆಂದು ಕೂತವನೂ ಅವನೇ.

ಆದರೆ ಕಾವ್ಯ ಹೆಚ್ಚು ತಲೆ ಕೆಡಿಸಿಕೊಂಡಿರುವುದು ಉಣ್ಣಿಸದ ಮನೆಗಳ ಬಗ್ಗೆ ಅಲ್ಲ, ಉಣ್ಣಿಸಿ ಬಿಡದ ಮನೆಗಳ ಬಗ್ಗೆ. ಒಡಿಸ್ಯೂಸ್‌ನ ಹತ್ತು ವರ್ಷಗಳಲ್ಲಿ ಏಳು ಕಳೆದದ್ದು ಕ್ಯಾಲಿಪ್ಸೊ ಎಂಬ ದೇವಕನ್ಯೆಯ ದ್ವೀಪದಲ್ಲಿ. ಅನ್ನಕ್ಕೆ, ಹಾಸಿಗೆಗೆ, ಪ್ರೀತಿಗೆ ಕೊರತೆಯಿಲ್ಲ, ಸಾವಿಲ್ಲದಂತೆ ಮಾಡುತ್ತೇನೆಂಬ ಆಮಿಷ ಬೇರೆ. ಅವನಿಗೋ ದಂಡೆಯಲ್ಲಿ ಕೂತು ಅಳುವುದೇ ಕೆಲಸ. ಇನ್ನೊಂದು ವರ್ಷ ಹೋದದ್ದು ಮಾಟಗಾತಿ ಸರ್ಸಿಯ ಮನೆಯಲ್ಲಿ. ಮೆನೆಲಾಸ್‌ಗೆ ಈ ಸೂಕ್ಷ್ಮ ಗೊತ್ತು. ಇರುತ್ತೇನೆನ್ನುವವನನ್ನು ಹೊರಡಿಸುವುದೂ ಹೊರಟವನನ್ನು ತಡೆಯುವುದೂ ಸಮಾನ ತಪ್ಪು ಎನ್ನುತ್ತಾನೆ. ಅವನು ಮೂರು ಕುದುರೆ ಕೊಡಲು ಬಂದಾಗ, ಮದುವೆಯ ದಿನ ಬಾಗಿಲಿಗೆ ಬಂದ ತರುಣರಲ್ಲೊಬ್ಬನಾದ ಟೆಲಿಮ್ಯಾಕಸ್, ನಮ್ಮದು ಆಡು ಮೇಯುವ ಕಲ್ಲುನೆಲ, ಕುದುರೆ ಓಡಲು ಬಯಲೆಲ್ಲಿ ಎಂದು ನಯವಾಗಿ ಬೇಡವೆನ್ನುತ್ತಾನೆ. ದೊರೆ ನಕ್ಕು, ಬದಲಿಗೆ ಚಿನ್ನದ ಅಂಚಿನ ಬೆಳ್ಳಿಯ ಪಾತ್ರೆ ಕೊಡುತ್ತಾನೆ.

ಮುದುಕ ನೆಸ್ಟರ್ ಹಾಗಲ್ಲ. ವಾಪಸಾಗುವಾಗ ಅವನ ಮನೆ ಹೊಕ್ಕರೆ ಉಪಚಾರದಲ್ಲೇ ದಿನಗಳು ಹೋಗುತ್ತವೆ ಎಂದು ಹೆದರಿದ ಟೆಲಿಮ್ಯಾಕಸ್, ಜೊತೆಗೆ ಬಂದಿದ್ದ ನೆಸ್ಟರನ ಮಗನನ್ನೇ ಕೇಳಿಕೊಂಡು ನೇರ ಹಡಗಿನ ಬಳಿ ಇಳಿಯುತ್ತಾನೆ. ಆ ಮಗನೂ, ಅಪ್ಪನ ಕಿವಿಗೆ ಬೀಳುವ ಮೊದಲೇ ಹೊರಟುಬಿಡು, ತಿಳಿದರೆ ಖುದ್ದು ಬಂದು ಎಳೆದೊಯ್ಯುತ್ತಾನೆ ಎಂದು ಅವಸರಪಡಿಸುತ್ತಾನೆ. ನೆಂಟರ ಒತ್ತಾಯ ತಪ್ಪಿಸಿಕೊಂಡು ಹಿತ್ತಲ ದಾರಿ ಹಿಡಿದವರಿಗೆಲ್ಲ ಈ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ.

ಕಳಿಸಿಕೊಡುವುದರಲ್ಲಿ ಗಟ್ಟಿಗರು ಫಿಯೇಷಿಯನ್ನರು ಎಂಬ ನಾವಿಕ ಜನ. ಎಲ್ಲ ಕಳೆದುಕೊಂಡು ತೇಲಿಬಂದ ಒಡಿಸ್ಯೂಸ್ ಒಲೆಯ ಬೂದಿಯಲ್ಲಿ ಕೂತಾಗ ದೊರೆ ಅಲ್ಕಿನೂಸ್ ಕೈಹಿಡಿದು ಎಬ್ಬಿಸಿ, ಸ್ವಂತ ಮಗನನ್ನು ಎಬ್ಬಿಸಿ ಆ ಪೀಠದಲ್ಲಿ ಕೂರಿಸುತ್ತಾನೆ. ಚಿನ್ನ, ಬಟ್ಟೆ, ಕಂಚಿನ ಪಾತ್ರೆಗಳ ರಾಶಿ ಬರುತ್ತದೆ. ಅದರ ಖರ್ಚಿನ ಮಾತನ್ನೂ ಕವಿ ಮುಚ್ಚಿಡುವುದಿಲ್ಲ: ಒಬ್ಬೊಬ್ಬರೇ ಕೈಯಿಂದ ಹಾಕುವುದು ಕಷ್ಟ, ಆಮೇಲೆ ಪ್ರಜೆಗಳಿಂದ ವಸೂಲು ಮಾಡಿಕೊಳ್ಳೋಣ ಎನ್ನುತ್ತಾನೆ ದೊರೆ. ನಿದ್ದೆಹೋದ ಒಡಿಸ್ಯೂಸ್‌ನನ್ನು ನಾವಿಕರು ಹಾಸಿಗೆ ಸಮೇತ ಇಥಾಕಾದ ಮರಳಲ್ಲಿ ಮಲಗಿಸಿ ಹೋಗುತ್ತಾರೆ. ಎಚ್ಚೆತ್ತವನು ಮೊದಲು ಮಾಡುವ ಕೆಲಸ, ಏನಾದರೂ ಕದ್ದರೇ ಎಂದು ಉಡುಗೊರೆಗಳನ್ನು ಎಣಿಸುವುದು! ಅತ್ತ ಹಿಂದಿರುಗುತ್ತಿದ್ದ ಆ ಹಡಗನ್ನು ಅವನ ಮೇಲೆ ಹಗೆಯಿದ್ದ ಕಡಲದೇವ ಪೊಸೈಡನ್ ಕಲ್ಲಾಗಿಸಿಬಿಡುತ್ತಾನೆ. ಇನ್ನು ಮುಂದೆ ಪರದೇಶಿಗಳನ್ನು ಊರು ಮುಟ್ಟಿಸುವುದೇ ಬೇಡ ಎಂದು ಅಲ್ಕಿನೂಸ್ ತೀರ್ಮಾನಿಸುತ್ತಾನೆ. ಒಬ್ಬನನ್ನು ಮನೆ ಸೇರಿಸಿದ್ದಕ್ಕೆ ಒಂದು ನಾಡಿನ ವಾಡಿಕೆಯೇ ನಿಂತಿತು.

ಸ್ವಂತ ದ್ವೀಪದಲ್ಲಿ ಅವನಿಗೆ ಮೊದಲ ಊಟ ಹಾಕುವವನು ಹಂದಿ ಕಾಯುವ ಯೂಮಿಯಸ್. ಚಪ್ಪಲಿಗೆಂದು ತೊಗಲು ಕೊಯ್ಯುತ್ತಿದ್ದವನು, ಭಿಕ್ಷುಕನ ವೇಷದಲ್ಲಿ ಬಂದ ಒಡಿಸ್ಯೂಸ್‌ನ ಮೇಲೆ ನಾಯಿಗಳು ಎರಗಿದ್ದು ಕಂಡು ತೊಗಲು ಬಿಸಾಕಿ ಓಡಿಬರುತ್ತಾನೆ. ಸೊಪ್ಪು ಹರಡಿ, ತಾನು ಮಲಗುವ ಕಾಡುಮೇಕೆಯ ಚರ್ಮ ಹಾಸುತ್ತಾನೆ. ಕೊಬ್ಬಿದ ಹಂದಿಗಳು ದೊಡ್ಡಮನೆಯವರ ಪಾಲಾಗಿರುವುದರಿಂದ ಎರಡು ಮರಿ ಕೊಯ್ದು ಸುಟ್ಟು, ಜವೆಹಿಟ್ಟು ಉದುರಿಸಿ ಬಡಿಸುತ್ತಾನೆ. ಇಡೀ ಕಾವ್ಯದಲ್ಲಿ ಇದಕ್ಕಿಂತ ಘನವಾದ ಊಟ ಇಲ್ಲ.

ದೊಡ್ಡಮನೆಯಲ್ಲೋ ಒಡಿಸ್ಯೂಸ್‌ನ ಹೆಂಡತಿ ಪೆನೆಲೊಪಿಯ ಕೈಹಿಡಿಯಲು ಬಂದ 108 ಮಂದಿ ನಾಲ್ಕನೇ ವರ್ಷವೂ ಬೀಡುಬಿಟ್ಟಿದ್ದಾರೆ. ಅವರಲ್ಲೊಬ್ಬ, ಇಗೋ ಅತಿಥಿಗೆ ನನ್ನ ಕಾಣಿಕೆ ಎಂದು ವೇಷಧಾರಿ ಒಡಿಸ್ಯೂಸ್‌ನ ಮೇಲೆ ಎತ್ತಿನ ಗೊರಸು ಎಸೆಯುತ್ತಾನೆ. ಅವರನ್ನು ಕೊಲ್ಲುವ ಬಿಲ್ಲು ಕೂಡ ಉಡುಗೊರೆಯೇ. ಯೌವನದಲ್ಲಿ ಇಫಿಟಸ್ ಎಂಬವನು ಸ್ನೇಹದ ಗುರುತಾಗಿ ಅದನ್ನು ಕೊಟ್ಟಿದ್ದ. ಪ್ರತಿಯಾಗಿ ಒಡಿಸ್ಯೂಸ್ ಕತ್ತಿ, ಈಟಿ ಕೊಟ್ಟಿದ್ದ. ಇಬ್ಬರೂ ಒಬ್ಬರ ಮನೆಯಲ್ಲೊಬ್ಬರು ಉಣ್ಣುವ ಮೊದಲೇ ಇಫಿಟಸ್ ಸತ್ತ. ಅತಿಥಿಯಾಗಿ ಹೋದ ಮನೆಯಲ್ಲೇ, ಊಟ ಹಾಕಿದ ಹೆರಾಕ್ಲಿಸ್ ಅವನ ಕುದುರೆಗಳ ಆಸೆಗೆ ಅವನನ್ನು ಕೊಂದಿದ್ದ. ಆ ಬಿಲ್ಲನ್ನು ಒಡಿಸ್ಯೂಸ್ ಟ್ರಾಯ್‌ಗೂ ಒಯ್ಯಲಿಲ್ಲ, ನೆನಪಿಗೆಂದು ಮನೆಯಲ್ಲೇ ಇಟ್ಟಿದ್ದ. ಅದನ್ನು ಹೂಡಿದ್ದು ತನ್ನ ಮನೆಯ ಬಾಗಿಲುಗಳನ್ನೆಲ್ಲ ಹಾಕಿಸಿ, ಊಟಕ್ಕೆ ಕೂತವರ ಮೇಲೆ. ಸತ್ತವರ ಬಂಧುಗಳು ಸುಮ್ಮನಿರಲಿಲ್ಲ. ಮರುದಿನವೇ ಆಯುಧ ಹಿಡಿದು ಬಂದರು. ಒಡಿಸ್ಯೂಸ್‌ನ ಮುದಿ ತಂದೆ ಎಸೆದ ಈಟಿಗೆ ಅವರ ಮುಂದಾಳು ಬಿದ್ದ ಮೇಲೆ ಅಥೀನಾ ನಡುವೆ ನಿಂತು ಕೂಗಿ ಎರಡೂ ಕಡೆಯವರನ್ನು ತಡೆಯಬೇಕಾಯಿತು.